ಕಾಲಿದ್ದಷ್ಟು ಚಕ್ರ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಗಾದೆ ಕಟ್ಟಿದರು. ಬೈಸಿಕಲ್ಲಿನ ಚರಿತ್ರೆಯಲ್ಲಿ ಈ ಮಾತು ತಿರುಗುಮುರುಗಾಗಿ ಸತ್ಯವಾಗಿದ್ದ ಕಾಲವೊಂದುಂಟು. ಅಲ್ಲಿ ಕಾಲಿದ್ದಷ್ಟು ಚಕ್ರ. ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಓಡಾಡುತ್ತಿದ್ದ ಎತ್ತರದ ಬೈಸಿಕಲ್ಲಿಗೆ ಸರಪಳಿಯೇ ಇರಲಿಲ್ಲ. ಮುಂದಿನ ಮಹಾಚಕ್ರದ ಅಚ್ಚಿಗೇ ಪೆಡಲುಗಳನ್ನು ಬಿಗಿದಿದ್ದರು. ಪೆಡಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ವೇಗ ಬೇಕೆಂದವನು ದೊಡ್ಡ ಚಕ್ರವನ್ನೇ ಕೊಳ್ಳಬೇಕು. ಆದರೆ ಅದರ ಮೇಲೆ ಕುಳಿತಾಗ ಕಾಲು ಪೆಡಲನ್ನು ಮುಟ್ಟಲೂ ಬೇಕು. ಹೀಗಾಗಿ ೫೦-೬೦ ಅಂಗುಲದ ವ್ಯಾಸದಲ್ಲಿ ಸವಾರನ ಆಸೆ ನಿಲ್ಲುತ್ತಿತ್ತು.

೧೮೮೫ರಲ್ಲಿ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ‘ರೋವರ್’ ಬೈಸಿಕಲ್ಲನ್ನು ಹೊರತಂದನು. ಚಕ್ರಗಳೆರಡೂ ಹೆಚ್ಚುಕಡಿಮೆ ಒಂದೇ ಅಳತೆಯವು, ನಡುವೆ ಸರಪಳಿ. ಮುಂದಿನ ಹಲ್ಲುಗಾಲಿಗೆ ಹೆಚ್ಚು ಹಲ್ಲು, ಹಿಂದಿನದಕ್ಕೆ ಕಡಮೆ ಹಲ್ಲು ಇಟ್ಟುದರಿಂದ ಚಿಕ್ಕ ಚಕ್ರವೇ ದೊಡ್ಡ ಚಕ್ರದ ಕೆಲಸ ಮಾಡತೊಡಗಿತು. ಕಾಲಿನ ಉದ್ದದ ನಿರ್ಬಂಧ ತಪ್ಪಿತು. ಆದರೆ ಎಷ್ಟು ಹಲ್ಲು ಇಡಬೇಕೆಂಬ ಪ್ರಶ್ನೆ ಅಂದೇ ಹುಟ್ಟಿತು.

ಮನೆಯ ಸಾಮಾನ್ಯ ಸೈಕಲ್ಲಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಇಳಿಜಾರಿನಲ್ಲಿ ಕಾಲು ನಿಲ್ಲಿಸಿದರೆ ಫ್ರೀವೀಲು ಟಕಟಕನೆ ಸದ್ದುಮಾಡುತ್ತ ಚಕ್ರವನ್ನು ಅದರ ಪಾಡಿಗೆ ಬಿಟ್ಟುಕೊಡುತ್ತದೆ. ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಆ ಉಪಕಾರವಿಲ್ಲ. ಹಿಂದಿನ ಹಲ್ಲುಗಾಲಿ ಚಕ್ರಕ್ಕೇ ಬಿಗಿದಿರುವುದರಿಂದ ಚಕ್ರ ತಿರುಗುವವರೆಗೆ ಪೆಡಲೂ ತಿರುಗಲೇಬೇಕು, ಕಾಲೂ ತಿರುಗಲೇಬೇಕು. ಓಟದ ಮೈದಾನದ ಈ ವಾಹನವನ್ನು ನ್ಯೂಯಾರ್ಕಿನ ಟಪಾಲು ಹಂಚುವ ಸವಾರರು ಬೀದಿಗೆ ತಂದರು. ಈಗ ಲೋಕದ ಹಲವು ನಗರಗಳ ತರುಣರು ಅದಕ್ಕೆ ಮನಸೋತಿದ್ದಾರೆ. ಹಗುರ, ಸರಳ, ನೋಟಕ್ಕೂ ಚೆಲುವು. ಆದರೆ ಇರುವುದು ಒಂದೇ ಗೇರು. ಏರಿಗೂ ಅದೇ, ಇಳಿಜಾರಿಗೂ ಅದೇ, ಎದುರುಗಾಳಿಗೂ ಅದೇ. ಆದ್ದರಿಂದ ಮೊದಲ ಬಾರಿಗೆ ಇದನ್ನು ಕೊಳ್ಳುವವನು ಬಣ್ಣಕ್ಕಿಂತ ಮುಂಚೆ ಹಲ್ಲುಗಳನ್ನು ಎಣಿಸಬೇಕು.

ಲೆಕ್ಕ ಸುಲಭವಾದುದು. ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನದರಿಂದ ಭಾಗಿಸಿ, ಬಂದುದನ್ನು ಚಕ್ರದ ವ್ಯಾಸದ ಅಂಗುಲಗಳಿಂದ ಗುಣಿಸಬೇಕು. ಮುಂದೆ ೪೮, ಹಿಂದೆ ೧೬ ಹಲ್ಲು, ಚಕ್ರ ೨೭ ಅಂಗುಲ ಎಂದಾದರೆ ಉತ್ತರ ೮೧. ಅಂದರೆ ಆ ಸೈಕಲ್ಲನ್ನು ತುಳಿಯುವುದೂ ೮೧ ಅಂಗುಲದ ಹಳೆಯ ಮಹಾಚಕ್ರವನ್ನು ತುಳಿಯುವುದೂ ಒಂದೇ. ಅಂಥ ಚಕ್ರವನ್ನೇರಬಲ್ಲ ಕಾಲು ಅಂದಿನ ಯಾವ ಸವಾರನಿಗೂ ಇರಲಿಲ್ಲ. ಸರಪಳಿ ಕಾಲಿನ ಉದ್ದವನ್ನು ಗೆದ್ದಿತೇ ಹೊರತು ಕಾಲಿನ ಬಲವನ್ನು ಹೆಚ್ಚಿಸಲಿಲ್ಲ.

ತರುಣರು ಇಲ್ಲಿ ಎಡವುವುದು ವೀರರ ಮೇಲ್ಪಂಕ್ತಿ ನೋಡಿ. ೧೯೭೨ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ ೪೯.೪೩೧ ಕಿಲೋಮೀಟರು ಸಾಗಿ ದಾಖಲೆ ಸ್ಥಾಪಿಸಿದನು. ಅವನ ಸೈಕಲ್ಲಿಗೆ ಮುಂದೆ ೫೨, ಹಿಂದೆ ೧೪ ಹಲ್ಲು. ಗೇರು ೧೦೦ ಅಂಗುಲದಷ್ಟು. ಆದರೆ ಅದು ನುಣುಪಾದ ಓಟದ ಮೈದಾನ. ಅಲ್ಲಿ ಏರಿಲ್ಲ, ಕೆಂಪು ದೀಪವಿಲ್ಲ, ಅಡ್ಡ ಬರುವ ಮಗುವಿಲ್ಲ. ಸವಾರನಾದರೋ ತನ್ನ ಕಾಲದ ಅಗ್ರಗಣ್ಯ. ಅಂಥವನೂ ಆ ಗಂಟೆ ಮುಗಿಯುವಷ್ಟರಲ್ಲಿ ಬಳಲಿ ಬೆಂಡಾದನು.

ಇದೇ ಇಂಗ್ಲೆಂಡಿನ ಸೈಕಲ್ ಸಂಘಗಳ ಪದ್ಧತಿಯನ್ನು ನೋಡಿದರೆ ಬೇರೊಂದು ವಿವೇಕ ಕಾಣುತ್ತದೆ. ಅಲ್ಲಿನ ಪಳಗಿದ ಸವಾರರು ಚಳಿಗಾಲದ ಅಭ್ಯಾಸಕ್ಕೆ ೬೫ ಅಂಗುಲದ ಆಸುಪಾಸಿನ ಹಗುರವಾದ ಫಿಕ್ಸೆಡ್ ಗೇರನ್ನೇ ಇಟ್ಟುಕೊಳ್ಳುವ ವಾಡಿಕೆಯಿತ್ತು. ಗೇರು ೭೨ ಅಂಗುಲ ಮೀರಬಾರದೆಂಬ ಕಟ್ಟಳೆಯ ಸ್ಪರ್ಧೆಗಳೂ ನಡೆದುಬಂದಿವೆ. ಭಾರವನ್ನು ನೂಕುವುದಕ್ಕೆ ಮೊದಲು ಕಾಲು ಚುರುಕಾಗಿ, ದುಂಡಗೆ ತಿರುಗುವುದನ್ನು ಕಲಿಯಲಿ ಎಂಬುದು ಅದರ ಉದ್ದೇಶ.

ಹೊಸಬನಿಗೆ ೬೫ರಿಂದ ೭೨ರವರೆಗಿನ ಗೇರು ಯೋಗ್ಯ. ಮುಂದೆ ೪೪, ಹಿಂದೆ ೧೭ ಹಲ್ಲಿನ ಜೋಡಿಯನ್ನು ತೆಗೆದುಕೊಳ್ಳೋಣ. ಗೇರು ಸರಿಸುಮಾರು ೭೦ ಅಂಗುಲ. ನಿಮಿಷಕ್ಕೆ ೬೦ ಸುತ್ತು ತುಳಿದರೆ ಗಂಟೆಗೆ ೨೦ ಕಿಲೋಮೀಟರು, ೯೦ ಸುತ್ತು ತುಳಿದರೆ ೩೦ ಕಿಲೋಮೀಟರು ವೇಗ ಬರುತ್ತದೆ. ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ೮೧ ಅಂಗುಲದ ಗೇರಿನಲ್ಲಾದರೋ ಪ್ರತಿ ನಿಲುಗಡೆಯಿಂದ ಹೊರಡುವಾಗಲೂ, ಪ್ರತಿ ದಿಬ್ಬವನ್ನು ಏರುವಾಗಲೂ ಮಂಡಿಯೇ ತೆರಿಗೆ ತೆರಬೇಕು. ಆ ತೆರಿಗೆಯ ವಸೂಲಿ ಒಂದೇ ದಿನದಲ್ಲಿ ಆಗುವುದಿಲ್ಲ. ತಿಂಗಳುಗಳ ಮೇಲೆ ನೋವಾಗಿ ಬರುತ್ತದೆ.

ಗೇರು ತೀರ ಹಗುರವಾದರೂ ಕಷ್ಟವೇ. ೭೦ ಅಂಗುಲದಲ್ಲಿಯೇ ಇಳಿಜಾರಿನಲ್ಲಿ ಗಂಟೆಗೆ ೪೦ ಕಿಲೋಮೀಟರು ವೇಗ ಬಂದರೆ ಕಾಲು ನಿಮಿಷಕ್ಕೆ ೧೨೦ ಬಾರಿ ಸುತ್ತಬೇಕು. ಗೇರು ಇನ್ನೂ ಇಳಿದರೆ ಸವಾರನು ಸೈಕಲ್ಲನ್ನು ನಡೆಸುವ ಬದಲು ಸೈಕಲ್ಲೇ ಸವಾರನನ್ನು ಕುಣಿಸುತ್ತದೆ.

ಹಲ್ಲುಗಳ ಸಂಖ್ಯೆಯಲ್ಲಿ ಇನ್ನೊಂದು ಗುಟ್ಟುಂಟು. ಪೆಡಲುಗಳನ್ನು ಬಲವಾಗಿ ತಡೆದು ಹಿಂದಿನ ಚಕ್ರವನ್ನು ಜಾರಿಸಿ ನಿಲ್ಲಿಸುವ ಚಮತ್ಕಾರ ಕೆಲವರಿಗೆ ಪ್ರಿಯ. ೪೮ಕ್ಕೆ ೧೬ ಇದ್ದಾಗ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು ಬರುತ್ತದೆ. ಕಾಲನ್ನು ಒಂದೇ ನಿಲುವಿನಲ್ಲಿ ತಡೆಯುವವನ ಟೈರಿನ ಒಂದೇ ಜಾಗ ಪ್ರತಿ ಸಲವೂ ನೆಲಕ್ಕೆ ಉಜ್ಜಿ ಬೇಗ ಸವೆಯುತ್ತದೆ. ೪೪ಕ್ಕೂ ೧೭ಕ್ಕೂ ಸಾಮಾನ್ಯ ಭಾಜಕವಿಲ್ಲದಿರುವುದರಿಂದ ಆ ಸವೆತ ೧೭ ಜಾಗಗಳಿಗೆ ಹಂಚಿಹೋಗುತ್ತದೆ. ಶಾಲೆಯಲ್ಲಿ ಬೇಸರದಿಂದ ಕಲಿತ ಭಿನ್ನರಾಶಿ ಇಲ್ಲಿ ಹಣ ಉಳಿಸುತ್ತದೆ!

ಹಾಗೆಂದು ಈ ಚಮತ್ಕಾರವನ್ನೇ ನಂಬಿ ಬ್ರೇಕನ್ನು ಕಿತ್ತುಹಾಕುವುದು ಆತ್ಮಘಾತುಕ. ತಡೆಯುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರದ ಬ್ರೇಕಿಗಿರುವ ಹಿಡಿತ ಹಿಂದಿನದಕ್ಕೆ ಬರಲಾರದು. ಬ್ರಿಟನ್ನಿನ ನಿಯಮವು ಫಿಕ್ಸೆಡ್ ಚಕ್ರವನ್ನು ಹಿಂದಿನ ಬ್ರೇಕೆಂದು ಒಪ್ಪಿದರೂ ಮುಂದೆ ಬ್ರೇಕು ಇರಲೇಬೇಕೆನ್ನುತ್ತದೆ. ಜಪಾನಿನ ಕಾನೂನು ಎರಡು ಚಕ್ರಗಳಿಗೂ ಬ್ರೇಕು ಕಡ್ಡಾಯ ಮಾಡಿದೆ. ಮಕ್ಕಳಿರುವ ಮನೆಯಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಚಕ್ರ ತಿರುಗುತ್ತಿರುವಾಗ ಈ ಸರಪಳಿಗೆ ಸಿಕ್ಕಿದ ಬಟ್ಟೆಯಾಗಲಿ ಬೆರಳಾಗಲಿ ಬಿಡಿಸಿಕೊಳ್ಳಲು ಬಿಡುವು ದೊರೆಯುವುದಿಲ್ಲ. ಚಕ್ರವನ್ನು ತಿರುಗಿಸುತ್ತ ಸರಪಳಿ ಒರಸುವ ಅಭ್ಯಾಸದಿಂದ ಬೆರಳು ಕಳೆದುಕೊಂಡವರುಂಟು.

ಒಮ್ಮೆ ಆರಿಸಿದ ಗೇರಿಗೆ ಜೀವಮಾನವೆಲ್ಲ ಅಂಟಿಕೊಳ್ಳಬೇಕಾಗಿಲ್ಲ. ೧೯೦೩ರಲ್ಲಿ ಟೂರ್ ಡ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಯಂತ್ರಗಳಿಗೆ ಕಡು ವಿರೋಧಿ. ೧೯೩೭ರವರೆಗೆ ಆ ಪಂದ್ಯದಲ್ಲಿ ಅವಕ್ಕೆ ಪ್ರವೇಶ ದೊರೆಯಲಿಲ್ಲ. ಅಲ್ಲಿಯವರೆಗೆ ಸವಾರರು ಹಿಂದಿನ ಚಕ್ರದ ಎರಡು ಮಗ್ಗುಲಿಗೂ ಬೇರೆ ಬೇರೆ ಹಲ್ಲುಗಾಲಿ ಇಟ್ಟುಕೊಂಡು, ಪರ್ವತದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುವಿ ಹಾಕಿಕೊಂಡು ಮುಂದೆ ಸಾಗುತ್ತಿದ್ದರು. ಆ ಉಪಾಯ ಇಂದಿಗೂ ಒದಗುತ್ತದೆ. ಒಂದು ಮಗ್ಗುಲಿಗೆ ಫಿಕ್ಸೆಡ್ ಗಾಲಿ, ಇನ್ನೊಂದಕ್ಕೆ ಫ್ರೀವೀಲು ಹಾಕಿಸಿಕೊಂಡರೆ ಹೊಸಬನಿಗೆ ಕಲಿಯಲೂ ಅವಕಾಶ, ದಣಿದಾಗ ಹಿಂದೆಗೆಯಲೂ ಅವಕಾಶ. ಫ್ರೀವೀಲು ಬಳಸುವಾಗ ಹಿಂದಿನ ಬ್ರೇಕೂ ಇರಬೇಕು, ಅಷ್ಟೆ. ಹಿಂದಿನ ಹಲ್ಲುಗಾಲಿಯಲ್ಲಿ ಒಂದು ಹಲ್ಲು ಹೆಚ್ಚುಕಡಿಮೆಯಾದರೆ ಗೇರಿನಲ್ಲಿ ನಾಲ್ಕು ಅಂಗುಲದಷ್ಟು ವ್ಯತ್ಯಾಸ. ಮುಂದಿನದರಲ್ಲಾದರೆ ಒಂದೂವರೆ ಅಂಗುಲದಷ್ಟು ಮಾತ್ರ. ಎರಡು ತಿಂಗಳು ತುಳಿದ ಮೇಲೆ ಕಾಲು ತಾನಾಗಿಯೇ ಕೇಳಿದರೆ ಆಗ ಒಂದು ಹಲ್ಲು ಬದಲಿಸಿದರಾಯಿತು.

ಸಮತಟ್ಟಾದ ರಸ್ತೆ, ಬೆಳಗಿನ ತಂಪು, ಬೆನ್ನ ಹಿಂದಿನ ಗಾಳಿ ಇವೆಲ್ಲ ಕೂಡಿಬಂದಾಗ ಯಾವ ಗೇರಾದರೂ ಹಿತವೇ. ಗೇರನ್ನು ಆರಿಸುವಾಗ ನೆನೆಯಬೇಕಾದುದು ಆ ಗಳಿಗೆಯನ್ನಲ್ಲ. ಸಂಜೆ ಕೆಲಸ ಮುಗಿಸಿ ದಣಿದು ಮನೆಗೆ ಬರುವಾಗ ಎದುರಾಗುವ ಕಡೆಯ ದಿಬ್ಬವನ್ನು.