ಕಳ್ಳ ಯಾರು, ಸೊತ್ತು ಯಾರದು?

ಪತ್ತೇದಾರಿ ಕಾದಂಬರಿಯ ಮಾತು ತೆಗೆದರೆ ಸಾಕು, ಸಾಹಿತ್ಯಪ್ರಿಯ ಮಿತ್ರರು ಮೂಗು ಮುರಿಯುತ್ತಾರೆ. ಅದು ರೈಲು ಪ್ರಯಾಣಿಕರ ಸರಕು, ಕೆಲಸವಿಲ್ಲದವರ ಕಾಲಹರಣ, ಹುಡುಗರನ್ನು ಕೆಡಿಸುವ ಪದಾರ್ಥವೆಂದು ಅವರ ತೀರ್ಪು. ನಮ್ಮ ಪಕ್ಷದ ಗೆಳೆಯರದು ಬೇರೊಂದು ಆಕ್ಷೇಪಣೆ. ದುಡಿಯುವ ಜನರ ಕಣ್ಣನ್ನು ನಿಜವಾದ ಕಳ್ಳರಿಂದ ತಪ್ಪಿಸಿ ಕಟ್ಟುಕತೆಯ ಕಳ್ಳರ ಕಡೆಗೆ ತಿರುಗಿಸುವ ಉಪಾಯ ಅದು ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಕೊಂಚ ಸತ್ಯವಿದೆ. ಆದರೆ ಈಚೆಗೆ ಒಂದರ ಹಿಂದೊಂದರಂತೆ ಇಂತಹ ಕೆಲವು ಪುಸ್ತಕಗಳನ್ನು ಓದಿ ಮುಗಿಸಿದ ಮೇಲೆ, ಈ ಜಾತಿಯ ಬರವಣಿಗೆಯನ್ನು ಒಟ್ಟಾರೆ ತಳ್ಳಿಹಾಕುವುದು ಸಲ್ಲದೆಂದು ನಮಗೆ ತೋರಿದೆ.

ಮೊದಲು ಓದಿದ್ದು ವಿಲ್ಕಿ ಕಾಲಿನ್ಸ್ ಎಂಬ ಆಂಗ್ಲ ಲೇಖಕನ 'ದಿ ಮೂನ್‌ಸ್ಟೋನ್'. 1868ರಲ್ಲಿ ಪ್ರಕಟವಾದ ಇದನ್ನು ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ಹಿರಿಯಜ್ಜನೆಂದು ಹಲವರು ಎಣಿಸುತ್ತಾರೆ. ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ಕತೆ ಹೊರಡುವುದು ಲಂಡನ್ನಿನಿಂದಲ್ಲ, ನಮ್ಮ ಶ್ರೀರಂಗಪಟ್ಟಣದಿಂದ. 1799ರ ಮೇ 4ರಂದು ಕೋಟೆ ಬಿದ್ದಾಗ ಇಂಗ್ಲಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಹೊಡೆದುಕೊಂಡು ಹೋಗುತ್ತಾನೆ. ಅದು ಮೊದಲಿಗೆ ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹರಳೆಂದು ಕತೆ. ಐವತ್ತು ವರ್ಷಗಳ ತರುವಾಯ ಅದೇ ವಜ್ರ ಆತನ ಸೋದರಿಯ ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಮನೆಯಲ್ಲಿ ಹಾಹಾಕಾರ. ಪೊಲೀಸರು ಬರುತ್ತಾರೆ, ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ.

ಇಲ್ಲಿರುವುದು ಎರಡು ಕಳ್ಳತನ ಎಂಬುದನ್ನು ಓದುಗರು ಗಮನಿಸಬೇಕು. ಎರಡನೆಯದಕ್ಕೆ ಪೊಲೀಸು, ವಕೀಲ, ವೈದ್ಯ, ಪತ್ತೇದಾರ ಎಲ್ಲರೂ ಇದ್ದಾರೆ. ಮೊದಲನೆಯದಕ್ಕೆ ಯಾರೂ ಇಲ್ಲ. ಕೊಳ್ಳೆ ಹೊಡೆದು ಸಿಕ್ಕಿಬಿದ್ದವನನ್ನು ನೇಣು ಹಾಕಲಾಗುವುದೆಂದು ಜನರಲ್ ಬೇರ್ಡ್ ಡಂಗುರ ಸಾರಿಸಿದನೆಂದು ಕಾದಂಬರಿಯಲ್ಲಿ ಬರುತ್ತದೆ. ಇತಿಹಾಸದಲ್ಲಿ ಆದದ್ದೇನು? ಟಿಪ್ಪುವಿನ ಖಜಾನೆಯನ್ನು 'ಪ್ರೈಜ್' ಎಂಬ ಹೆಸರಿನಲ್ಲಿ ದರ್ಜೆಗೆ ತಕ್ಕಂತೆ ಸೈನ್ಯದವರೇ ಹಂಚಿಕೊಂಡರು. ಅವನ ಮರದ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ಅದು ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಬಿಡಿಯಾಗಿ ಕದ್ದರೆ ನೇಣು, ಸಗಟಾಗಿ ಕದ್ದರೆ ಬಹುಮಾನ!

ಕಾಲಿನ್ಸ್ ಕ್ರಾಂತಿಕಾರನೇನಲ್ಲ. ಹಿಂದೂ ಪೂಜಾರಿಗಳನ್ನು ಚಿತ್ರಿಸುವಾಗ ಅವನ ಕಾಲದ ವಿಲಾಯಿತಿ ಭ್ರಮೆಗಳು ಅವನನ್ನೂ ಬಿಟ್ಟಿಲ್ಲ. ಪುಸ್ತಕದ ನಡುಭಾಗ ಉದ್ದವಾಯಿತೆಂದೂ ನಮಗನಿಸಿತು. ಆದರೂ ವಜ್ರ ಕೊನೆಗೆ ಯಾರ ಕೈಸೇರಬೇಕು ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ, ಸಾಮ್ರಾಜ್ಯ ಏರುದಿಸೆಯಲ್ಲಿದ್ದ ಕಾಲಕ್ಕೆ ಸಾಮಾನ್ಯ ಧೈರ್ಯದ್ದಲ್ಲ. ಕಳ್ಳನ ಹೆಸರನ್ನು ನಾವು ಹೇಳುವುದಿಲ್ಲ. ಓದಬೇಕೆನ್ನುವವರಿಗೆ ಅದು ದ್ರೋಹವಾದೀತು. ಧರ್ಮಕಾರ್ಯದ ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ಮಹನೀಯರನ್ನು ಬಲ್ಲ ನಮ್ಮ ಊರಿನವರಿಗೆ ಅವನ ಗುರುತು ಬೇಗ ಹತ್ತುತ್ತದೆ ಎಂದಷ್ಟೇ ಹೇಳುತ್ತೇವೆ.

ನಮ್ಮ ಮನಸ್ಸನ್ನು ಹೆಚ್ಚು ಕಲಕಿದವಳು ರೊಸಾನಾ ಎಂಬ ಮನೆಗೆಲಸದ ಹೆಂಗಸು. ಹಿಂದೊಮ್ಮೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿದವಳು, ಒಂದು ಭುಜ ಸೊಟ್ಟ. ಮನೆಯಲ್ಲಿ ವಸ್ತು ಕಳೆದರೆ ಮೊದಲು ಯಾರ ಪೆಟ್ಟಿಗೆ ತೆರೆಸುತ್ತಾರೆ? ವಿಲಾಯಿತಿಯಲ್ಲಿಯೂ ಅದೇ, ನಮ್ಮಲ್ಲಿಯೂ ಅದೇ. ಆಕೆ ಉಸುಬಿಗೆ ಬಿದ್ದು ಪ್ರಾಣ ಬಿಡುತ್ತಾಳೆ. ಆಮೇಲೆ ಆಕೆಯ ಗೆಳತಿ, ಬೆಸ್ತರ ಮನೆಯ ಕುಂಟ ಹುಡುಗಿ ಲೂಸಿ, ಬಡವರು ಧನಿಕರ ಮೇಲೆ ತಿರುಗಿಬೀಳುವ ದಿನ ದೂರವಿಲ್ಲ ಎಂಬರ್ಥದ ಮಾತನ್ನು ಕೂಗಿ ಹೇಳುತ್ತಾಳೆ. ಕತೆಗೆ ಆ ಮಾತಿನಿಂದ ಆಗಬೇಕಾದ್ದೇನೂ ಇಲ್ಲ. ಲೂಸಿ ಹಾಗೆಯೇ ಮರೆಯಾಗುತ್ತಾಳೆ. ಆದರೆ ಓದಿದವನ ಕಿವಿಯಲ್ಲಿ ಅದು ಉಳಿಯುತ್ತದೆ.

ಎರಡನೆಯದು ಅಮೆರಿಕದ ಡ್ಯಾಶಿಯಲ್ ಹ್ಯಾಮೆಟ್ ಬರೆದ 'ರೆಡ್ ಹಾರ್ವೆಸ್ಟ್', 1929ರದು. ಹ್ಯಾಮೆಟ್ ಪಿಂಕರ್ಟನ್ ಕಂಪನಿಯಲ್ಲಿ ಸ್ವತಃ ಪತ್ತೇದಾರನಾಗಿದ್ದವನು. ಮುಷ್ಕರ ಮುರಿಯುವುದು ಆ ಕಂಪನಿಯ ದೊಡ್ಡ ವ್ಯಾಪಾರ, ಆದ್ದರಿಂದ ಅವನಿಗೆ ಒಳಗಿನ ಸಂಗತಿ ಗೊತ್ತು. ಕಾದಂಬರಿಯ ಗಣಿ ಊರಿನಲ್ಲಿ ಗಣಿ, ಬ್ಯಾಂಕು, ಬೆಳಗಿನ ಪತ್ರಿಕೆ, ಸಂಜೆಯ ಪತ್ರಿಕೆ ಎಲ್ಲವೂ ಒಬ್ಬ ಮುದುಕನವು. ಮೇಯರ್, ಗವರ್ನರ್, ಶಾಸನಸಭೆಯ ಬಹುಮಂದಿ ಕೂಡ ಅವನವರೇ. ಎಂಟು ತಿಂಗಳ ಮುಷ್ಕರವನ್ನು ಮುರಿಯಲು ಅವನು ಬಾಡಿಗೆ ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯಿತು, ಗೂಂಡಾಗಳು ಮಾತ್ರ ಊರು ಬಿಡಲಿಲ್ಲ. ಊರನ್ನೇ ಹಂಚಿಕೊಂಡು ಕೂತರು. ಕಾಡುಹಂದಿ ಓಡಿಸಲು ಹುಲಿ ಸಾಕಿದವನ ಕತೆ.

ಮೊದಲ ಕೊಲೆಯ ರಹಸ್ಯ ಪುಸ್ತಕದ ಮೊದಲ ಭಾಗದಲ್ಲಿಯೇ ಬಯಲಾಗುತ್ತದೆ. ಹ್ಯಾಮೆಟ್ಟನಿಗೆ ಅದು ಮುಖ್ಯವೇ ಅಲ್ಲ. ಊರು ಹೇಗೆ ಕೊಳೆಯಿತು ಎಂಬುದೇ ಅವನ ಪತ್ತೇದಾರಿ. ಹೆಣಗಳ ಲೆಕ್ಕ ವಿಪರೀತವಾಯಿತು, ಒಪ್ಪಿದೆವು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮುಷ್ಕರದ ಕತೆ ಹೇಳುವ ಕೆಂಪು ಟೈ ಕಟ್ಟಿದ ಕಾರ್ಮಿಕ ಮುಖಂಡ ಆರಂಭದ ಪುಟಗಳಲ್ಲಿ ಬಂದು ಮಾಯವಾಗುತ್ತಾನೆ. ಗಣಿಯಲ್ಲಿ ಇಳಿದು ದುಡಿಯುವ ಒಬ್ಬ ಆಳೂ ಮುಂದೆ ಬಾಯಿ ಬಿಡುವುದಿಲ್ಲ. ಆದರೆ ಬರೆದವನ ಬಾಳು ಈ ಕೊರತೆಯನ್ನು ಕೊಂಚ ತುಂಬಿಕೊಟ್ಟಿತು. 1951ರಲ್ಲಿ ಕಮ್ಯುನಿಸ್ಟ್ ಆಪಾದಿತರ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳೆಂದು ನ್ಯಾಯಾಲಯ ಕೇಳಿದಾಗ ಅವನು ಬಾಯಿ ಬಿಡದೆ ಜೈಲಿಗೆ ಹೋದ.

ಸ್ವೀಡನ್ನಿನ ಮೈ ಷೋವಾಲ್ ಮತ್ತು ಪೆರ್ ವಾಲೂ ಜೊತೆಗೂಡಿ 1965ರಿಂದ 1975ರವರೆಗೆ ಬರೆದ ಹತ್ತು ಕಾದಂಬರಿಗಳಲ್ಲಿ ನಾವು ಓದಿದ್ದು ಒಂದೇ: 'ದಿ ಲಾಫಿಂಗ್ ಪೊಲೀಸ್‌ಮನ್', 1968ರದು. ವಿಯಟ್ನಾಂ ಯುದ್ಧ ವಿರೋಧಿಸಿ ಅಮೆರಿಕದ ರಾಯಭಾರ ಕಚೇರಿಯ ಕಡೆಗೆ ಬಂದವರನ್ನು ಸ್ಟಾಕ್‌ಹೋಮಿನ ಪೊಲೀಸರು ಬಡಿಯುತ್ತಿರುವ ರಾತ್ರಿ, ಊರಿನ ಇನ್ನೊಂದು ಮೂಲೆಯಲ್ಲಿ ಬಸ್ಸಿನೊಳಗೆ ಒಂಬತ್ತು ಜನರಿಗೆ ಗುಂಡು ಬೀಳುತ್ತದೆ. ಪತ್ತೇದಾರರು ಇಲ್ಲಿ ಮಹಾಬುದ್ಧಿವಂತರಲ್ಲ; ನೆಗಡಿ, ನಿದ್ದೆಗೇಡು, ಮನೆಯ ಬೇಸರಗಳ ನಡುವೆ ದುಡಿಯುವ ಸಂಬಳದ ಜನ. ನಮ್ಮಂಥವರಿಗೆ ಮುಜುಗರ ತರುವ ಸಂಗತಿಯೂ ಇದೆ. ಆ ಕಾಲದಲ್ಲಿ ಅಲ್ಲಿ ಆಳುತ್ತಿದ್ದುದು ಸಮಾಜವಾದಿ ಎನಿಸಿಕೊಂಡ ಪಕ್ಷವೇ. ಅದರ ಆಡಳಿತದಲ್ಲಿಯೂ ಹಣವಂತನಿಗೊಂದು ನ್ಯಾಯ, ದಿಕ್ಕಿಲ್ಲದವಳಿಗೊಂದು ನ್ಯಾಯ ಹೇಗೆ ಉಳಿಯಿತೆಂದು ಎಡಪಂಥದ ಈ ಲೇಖಕರು ತೋರಿಸುತ್ತಾರೆ. ನಮ್ಮ ಗೆಳೆಯರು ಈ ಪುಸ್ತಕವನ್ನು ಓದಲೇಬೇಕು.

ಇನ್ನು ನಮ್ಮ ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಇವರು 1952ರ 'ಪತ್ತೇದಾರ ಪುರುಷೋತ್ತಮ'ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು 2011ರಲ್ಲಿ ತೀರಿಕೊಂಡರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಹೆಸರುಗಳನ್ನು ಇಂದಿಗೂ ನಂಟರ ಹೆಸರಿನಂತೆ ನೆನೆಯುವ ಹಿರಿಯರಿದ್ದಾರೆ. ಅಷ್ಟು ಬರೆದವರಲ್ಲಿ ಕಾಳೂ ಉಂಟು, ಜೊಳ್ಳೂ ಉಂಟು. ಹ್ಯಾಮೆಟ್ ಎತ್ತಿದಂತಹ ಪ್ರಶ್ನೆಯನ್ನು ನಾವು ಓದಿದವುಗಳಲ್ಲಿ ಕಾಣಲಿಲ್ಲ; ದುಷ್ಟ ಸಿಕ್ಕಿದ, ಕತೆ ಮುಗಿಯಿತು. ಆದರೂ ಎಷ್ಟೋ ಕೂಲಿಗಾರರ, ಅಂಗಡಿ ಹುಡುಗರ ಕೈಗೆ ಮೊದಲ ಸಲ ಕನ್ನಡ ಪುಸ್ತಕ ಹಿಡಿಸಿದ್ದು ಇವರೇ ಹೊರತು ಮೂಗು ಮುರಿದ ಪಂಡಿತರಲ್ಲ. ಕನ್ನಡ ಚಳವಳಿಯ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ ಎಂಬುದು ಆ ಪಂಡಿತರಿಗೆ ನೆನಪಿರಲಿ.

ಹ್ಯಾಮೆಟ್ಟನ ಪುಸ್ತಕವನ್ನು ನಮ್ಮ ಯುವಕರಲ್ಲಿ ಯಾರಾದರೂ ಕನ್ನಡಿಸಲು ಹೊರಟರೆ ಒಂದು ಸೂಚನೆ: ಊರಿನ ಹೆಸರು ಬದಲಾಯಿಸಿ ಅದನ್ನು ಕೋಲಾರವನ್ನೋ ಸಂಡೂರನ್ನೋ ಮಾಡಬೇಡಿ. ಅಮೆರಿಕದ ಊರು ಅಮೆರಿಕದಲ್ಲಿಯೇ ಇರಲಿ. ಮತ್ತು ಕತೆ ಹೇಳುವ ಆ ಪತ್ತೇದಾರನಿಗೆ ಮೂಲದಲ್ಲಿ ಹೆಸರೇ ಇಲ್ಲ, ನೀವೂ ಇಡಬೇಡಿ.