ಶರತ್ಕಾಲದ ವ್ಯಾಯಾಮ: ವೇಳೆ ಬದಲಾಗಲಿ, ಅಭ್ಯಾಸ ತಪ್ಪದಿರಲಿ

ಆಶ್ವಯುಜ, ಕಾರ್ತಿಕ ಮಾಸಗಳು ಶರದೃತುವಿನ ಕಾಲ. ಮಳೆ ತೀರಿ ಆಕಾಶ ತಿಳಿಯಾಗುವ ಋತುವೆಂದು ಕವಿಗಳು ಇದನ್ನು ಬಣ್ಣಿಸಿದ್ದಾರೆ. ಆದರೆ ಹಿಂದೂಪುರ, ಕಲ್ಯಾಣದುರ್ಗಗಳು ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಊರುಗಳು. ಇಲ್ಲಿ ವರ್ಷದ ಒಳ್ಳೆಯ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದ್ದರಿಂದ ನಡಿಗೆ, ಓಟ, ಆಟಗಳ ಕ್ರಮವನ್ನು ಈ ನೆಲದ ಹವೆಗೆ ತಕ್ಕಂತೆ ತಿದ್ದಿಕೊಳ್ಳುವುದು ವಿವೇಕ.

ಮೊದಲು ಬೆಳಕಿನ ಮಾತು. ಸೆಪ್ಟೆಂಬರ್ ಮೊದಲಲ್ಲಿ ಸುಮಾರು 6.30ಕ್ಕೆ ಮುಳುಗುತ್ತಿದ್ದ ಸೂರ್ಯ ನವೆಂಬರ್ ನಡುವಿಗೆ 5.50ರ ಹೊತ್ತಿಗೇ ಮರೆಯಾಗುತ್ತಾನೆ. ಶಾಲೆ ಬಿಟ್ಟ ಮಕ್ಕಳಿಗೆ ಆಟದ 40 ನಿಮಿಷ ಸದ್ದಿಲ್ಲದೆ ಕಳೆದುಹೋಗುತ್ತದೆ. ಮನೆಗೆ ಬಂದೊಡನೆ ಪುಸ್ತಕ ಹಿಡಿಸುವ ಬದಲು ಮೊದಲು ಆಟ, ದೀಪ ಹಚ್ಚಿದ ಮೇಲೆ ಪಾಠ ಎಂಬ ಏರ್ಪಾಡು ಈ ತಿಂಗಳುಗಳಿಗೆ ಲೇಸು. ಬೆಳಗೂ ತಡವಾಗುತ್ತದೆ. ಸೆಪ್ಟೆಂಬರಿನಲ್ಲಿ 5.45ಕ್ಕೆ ಹೊರಡುತ್ತಿದ್ದ ಹಿರಿಯರು ನವೆಂಬರ್ ಕೊನೆಗೆ ಅದೇ ವೇಳೆಗೆ ಹೊರಟರೆ ಕತ್ತಲಲ್ಲೇ ನಡೆಯಬೇಕಾಗುತ್ತದೆ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ, ತಿಳಿಬಣ್ಣದ ಉಡುಪಿನಲ್ಲಿ ನಡೆಯಬೇಕು.

ಎರಡನೆಯದು ಹೊಲದ ದಾರಿ. ಕಡಲೆಕಾಯಿ ಕೀಳುವ ಕಾಲವಿದು. ಇಲಿಗಳನ್ನು ಅರಸಿ ಕೊಳಕುಮಂಡಲ ಹಾವು ಬದುಗಳಲ್ಲಿ, ಬಳ್ಳಿಯ ಮೆದೆಗಳಲ್ಲಿ ಅಡಗಿರಬಹುದು. ಮಬ್ಬಿನಲ್ಲಿ ಬರಿಗಾಲ ಓಟ ಸಲ್ಲದು. ಟಾರ್ಚ್, ಮುಚ್ಚಿದ ಪಾದರಕ್ಷೆ ಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದಾಗಲಿ, ಗಾಯ ಕೊಯ್ಯುವುದಾಗಲಿ ಕೂಡದು. ಅಂಗವನ್ನು ಅಲುಗಿಸದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಮಳೆಯ ಬಳಿಕ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಬೆಳೆಯುತ್ತದೆ. ಅದು ಹಗಲಲ್ಲಿ ಕಚ್ಚುವುದು. ಮುಂಜಾನೆಯೂ ಇಳಿಹಗಲೂ ಅದರ ಹೊತ್ತು. ಮಕ್ಕಳು ಆಡುವುದೂ ಆಗಲೇ. ಮೈದಾನದ ಸುತ್ತಲಿನ ತೆಂಗಿನಚಿಪ್ಪು, ಹಳೆಯ ಟೈರುಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ತುಂಬುತೋಳಿನ ಅಂಗಿ ತೊಡಿಸಿದರೆ ಆಟ ನಿಲ್ಲಿಸಬೇಕಾಗಿಲ್ಲ. ಗುಡುಗು ಕೇಳಿದೊಡನೆ ಮಾತ್ರ ಆಟ ನಿಲ್ಲಬೇಕು. ಮರದಡಿಗಲ್ಲ, ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ವ್ಯಾಯಾಮದ ಪ್ರಮಾಣಕ್ಕೆ ಆಯುರ್ವೇದದ ಅಷ್ಟಾಂಗಹೃದಯದಲ್ಲಿ ಸರಳವಾದ ಅಳತೆಯಿದೆ: ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಬಲದ ಅರ್ಧದಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತ ಮೆಲ್ಲಗೆ. ಮಳೆ ಬಿಟ್ಟ ಮೇಲಿನ ಶರತ್ಕಾಲದ ಬಿಸಿಲು ಚುರುಕಾದುದು; ಆಗ ಓಟಕ್ಕಿಂತ ನಡಿಗೆ ಹಿತ. ಕಾರ್ತಿಕ ಕಳೆದು ಚಳಿ ಇಳಿದ ಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದು. ಆಗ ಮೈ ಬಿಸಿಯಾಗಲು ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು. ಬಾಯಾರಿಕೆ ತೋರದಿದ್ದರೂ ನೀರು ಕುಡಿಯಬೇಕು. ಉಬ್ಬಸವಿರುವ ಮಕ್ಕಳು ತಣ್ಣನೆಯ ನಸುಕಿನಲ್ಲಿಯೂ, ದೀಪಾವಳಿಯ ಪಟಾಕಿ ಹೊಗೆ ಕವಿದ ಬೆಳಗಿನಲ್ಲಿಯೂ ಓಡದಿರಲಿ; ಬಿಸಿಲೇರಿದ ಮೇಲೆ ಆಡಲಿ.

ಮಳೆಯ ನೆಪದಿಂದ ಬಿಟ್ಟ ಅಭ್ಯಾಸ ಚಳಿಯ ನೆಪದಿಂದ ಬಿಟ್ಟೇ ಹೋಗುವುದುಂಟು. ಹೊರಗೆ ಹೋಗಲಾಗದ ದಿನ ಮನೆಯ ಜಗಲಿಯಲ್ಲೇ ತಾಯಿ, ತಂದೆ, ಮಕ್ಕಳು ಕೂಡಿ ಹತ್ತು ಸೂರ್ಯನಮಸ್ಕಾರ ಮಾಡಿದರೂ ಆ ಸರಣಿ ಕಡಿಯುವುದಿಲ್ಲ.