ವೀಸಿಂಗ್ ಅಂದ್ರೆ ಆಸ್ತಮಾನೇ ಅಲ್ವಾ?

ಚೆನ್ನೈಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿ ನನಗೆ ಆಸ್ತಮಾ ಇರುವವರು ಸಿಕ್ಕಿದ್ದೇ ಅಪರೂಪ. ಎಲ್ಲರಿಗೂ ಇರೋದು 'ವೀಸಿಂಗ್'! ಮಗುವಿಗೆ ರಾತ್ರಿ ಹೊತ್ತು ವೀಸಿಂಗ್, ಪಕ್ಕದ್ಮನೆ ಮಾಮಿಗೆ ಮಳೆ ಬಂದ್ರೆ ವೀಸಿಂಗ್... ನಮ್ಮ ಕನ್ನಡದವರೇನೂ ಕಡಿಮೆ ಇಲ್ಲ ಬಿಡಿ. ಊರಲ್ಲಿ ಉಬ್ಬಸ, ದಮ್ಮು ಅಂತಿದ್ದದ್ದು ಮಗಳ ಜಾತಕ ಹೊರಗೆ ತೆಗೆದ ಕೂಡಲೇ 'ಸ್ವಲ್ಪ ಡಸ್ಟ್ ಅಲರ್ಜಿ' ಆಗಿಬಿಡುತ್ತೆ.

ಹೆಸರು ಯಾವುದಾದ್ರೇನು ಅಂತೀರಾ? ವ್ಯತ್ಯಾಸ ಇದೆ ಸ್ವಾಮಿ. ವೀಸಿಂಗ್ ಅಂದ್ರೆ ಬಂದು ಹೋಗುವ ನೆಂಟ ಅನ್ನೋ ಭಾವನೆ. ಬಂದಾಗ ನೆಬ್ಯುಲೈಸರ್ ಹಾಕಿಸಿಕೊಂಡ್ರೆ ಮುಗೀತು. ಆಸ್ತಮಾ ಹಾಗಲ್ಲ. ಏದುಸಿರು ಇಲ್ಲದ ದಿನಗಳಲ್ಲೂ ಶ್ವಾಸನಾಳದ ಒಳಗೋಡೆಯಲ್ಲಿ ಊತ ಇರಬಹುದು. ಧೂಳೋ, ಹೊಗೆಯೋ, ನೆಗಡಿಯೋ ತಗುಲಿದರೆ ಸುತ್ತಲಿನ ಸ್ನಾಯು ಬಿಗಿಯುತ್ತೆ, ಕಫ ತುಂಬುತ್ತೆ, ದಾರಿ ಇಕ್ಕಟ್ಟಾಗುತ್ತೆ. ಆಗ ಉಸಿರು ಎಳೆದುಕೊಳ್ಳೋದಕ್ಕಿಂತ ಹೊರಗೆ ಬಿಡೋದೇ ಕಷ್ಟ. ನನಗೂ ಇದೆ, ಅದಕ್ಕೇ ಹೇಳ್ತಿದೀನಿ.

ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪು ಬಿಗಿದ ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲ ಮಾಡುತ್ತೆ, ಅಷ್ಟೆ. ಊತ ಹಾಗೇ ಉಳಿಯುತ್ತೆ. ಅದನ್ನು ಇಳಿಸೋದು ಸ್ಟಿರಾಯ್ಡ್ ಇರುವ ಇನ್ಹೇಲರ್. ಹದಿಹರೆಯದವರು, ದೊಡ್ಡವರು ಬರೀ ನೀಲಿ ಪಂಪನ್ನೇ ನೆಚ್ಚಿಕೊಂಡಿರಬಾರದು ಅಂತ 'ಜಿನಾ' ಎಂಬ ಜಾಗತಿಕ ಆಸ್ತಮಾ ಮಾರ್ಗಸೂಚಿ 2019ರಲ್ಲೇ ಹೇಳಿತು.

ಆದ್ರೆ ಸ್ಟಿರಾಯ್ಡ್ ಅಂದ ತಕ್ಷಣ, "ಅಯ್ಯೋ, ಅದೆಲ್ಲ ಅಭ್ಯಾಸ ಆಗ್ಬಿಡತ್ತೆ ಕಣಪ್ಪಾ" ಅನ್ನೋ ಉಪದೇಶ ಶುರು. ಕನ್ನಡಕ ಅಭ್ಯಾಸ ಆಗುತ್ತೆ ಅಂತ ಯಾರಾದ್ರೂ ಬಿಸಾಕ್ತಾರಾ? ಇನ್ಹೇಲರಿನಲ್ಲಿ ಒಂದು ಸಲಕ್ಕೆ ಬರೋದು ನೂರು, ಇನ್ನೂರು ಮೈಕ್ರೋಗ್ರಾಂ ಲೆಕ್ಕದಲ್ಲಿ. ಜೋರಾಗಿ ಉಬ್ಬಸ ಬಂದಾಗ ದೊಡ್ಡವರಿಗೆ ಕೊಡುವ ಸ್ಟಿರಾಯ್ಡ್ ಗುಳಿಗೆ ದಿನಕ್ಕೆ 40 ಮಿಲಿಗ್ರಾಂವರೆಗೂ ಇರುತ್ತೆ. ಸಾವಿರ ಮೈಕ್ರೋಗ್ರಾಂ ಸೇರಿದ್ರೆ ಒಂದು ಮಿಲಿಗ್ರಾಂ. ಲೆಕ್ಕ ನೀವೇ ಹಾಕಿ! ಎಳೆದ ಮೇಲೆ ಬಾಯಿ ಮುಕ್ಕಳಿಸಿದ್ರೆ ಬಾಯಿಹುಣ್ಣಿನ ಕಾಟವೂ ಕಡಿಮೆ. ಯಾವುದು, ಎಷ್ಟು, ಯಾವಾಗ ಅನ್ನೋದನ್ನ ಮಾತ್ರ ಡಾಕ್ಟರೇ ಹೇಳಬೇಕು, ಮಾಮಿಯಲ್ಲ.

ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ 13. ಆಸ್ತಮಾದಿಂದ ಸಾಯುವವರಲ್ಲಿ ಮಾತ್ರ ಶೇ 40ಕ್ಕೂ ಹೆಚ್ಚು ನಮ್ಮವರೇ ಅನ್ನುತ್ತೆ ಅಂದಾಜು. ನಮ್ಮ ಶ್ವಾಸಕೋಶ ಬೇರೆ ಥರದ್ದೇನಲ್ಲ. ಕಾಯಿಲೆಯ ಹೆಸರು ಮುಚ್ಚಿಟ್ಟು, ಔಷಧಿ ಅರ್ಧಕ್ಕೇ ಬಿಡೋದಕ್ಕೂ ಇದರಲ್ಲಿ ಪಾಲಿದೆ ಅಂತ ನನ್ನ ಅನಿಸಿಕೆ. ಗಂಡನ ಮನೆಯಲ್ಲಿ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಪಂಪು ಎಳೆಯುವ ಹುಡುಗಿ ದಿನಾ ತಪ್ಪದೆ ಔಷಧಿ ತಗೊಳ್ಳೋದಾದ್ರೂ ಹೇಗೆ?

ಈ ಊರಿನ ಹವೆಯೂ ಸುಮ್ಮನಿರಲ್ಲ. ಸಮುದ್ರದ ಗಾಳಿ ಒಳ್ಳೇದು ಅಂತಾರೆ, ಆದ್ರೆ ಆ ತೇವದಲ್ಲೇ ಹಾಸಿಗೆ, ದಿಂಬಿನ ಧೂಳುನುಸಿ ಚೆನ್ನಾಗಿ ಬೆಳೆಯೋದು. ಜನವರಿಯಲ್ಲಿ ಭೋಗಿ ಬಂತಂದ್ರೆ ಬೆಳಗಾಗೋ ಮೊದಲೇ ಬೀದಿಬೀದಿಯಲ್ಲಿ ಬೆಂಕಿ. 2018ರ ಭೋಗಿಯ ದಿನ ಮಂಜು, ಹೊಗೆ ಸೇರಿ ಚೆನ್ನೈ ವಿಮಾನ ನಿಲ್ದಾಣದಲ್ಲೇ ಸಂಚಾರ ಏರುಪೇರಾಯಿತು. 2022ರ ಏಪ್ರಿಲ್‌ನಲ್ಲಿ ಪೆರುಂಗುಡಿಯ ಕಸದ ಗುಡ್ಡ ದಿನಗಟ್ಟಲೆ ಹೊತ್ತಿ ಉರಿಯಿತು.

ಮದುವೆ ಊಟದಲ್ಲಿ "ನಂಗೆ ಶುಗರ್ ಕಣ್ರೀ, ಪಾಯಸ ಬೇಡ" ಅಂತ ಪಂಕ್ತಿಗೆಲ್ಲ ಕೇಳೋ ಹಾಗೆ ಹೇಳ್ತೀವಿ. ಆಸ್ತಮಾ ಅನ್ನೋಕೆ ಯಾಕೆ ಸಂಕೋಚ? ಮಗುವಿನ ಟೀಚರಿಗೆ ಹೇಳಿ, ಆಫೀಸಿನಲ್ಲಿ ಹೇಳಿ, ಗಂಡಿನ ಕಡೆಯವರಿಗೂ ಹೇಳಿ. ಭೋಗಿಯ ಬೆಳಿಗ್ಗೆ ಟೈರ್ ಸುಡುವ ಹುಡುಗರ ಹತ್ರ ಹೋಗಿ ವೀಸಿಂಗ್ ಅಂದ್ರೆ ಯಾರೂ ಬೆಂಕಿ ಆರಿಸಲ್ಲ. ಆಸ್ತಮಾ ಅಂದು ನೋಡಿ, ಒಬ್ಬನಾದ್ರೂ ನೀರು ತಂದಾನು.